ವರ್ನರ್ ಕೋಲ್‌ಮಾಯರ್

ವರ್ನರ್ ಕೋಲ್‌ಮಾಯರ್ (19 ಏಪ್ರಿಲ್ 1924 – 26 ಮಾರ್ಚ್ 1974) ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಆಟಗಾರರು. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ವಿಶ್ವಕಪ್ ಗೆದ್ದ ತಂಡದಲ್ಲಿ ಎಡ ರಕ್ಷಣಾ ಸ್ಥಾನದಲ್ಲಿ, ಅಂದರೆ ಎಡ ಫುಲ್‌ಬ್ಯಾಕ್ ಆಗಿ ಆಡಿದರು. ತಮ್ಮ ಹುಟ್ಟೂರಿನ 1. ಎಫ್‌ಸಿ ಕೈಸರ್ಸ್‌ಲೌಟರ್ನ್ ಕ್ಲಬ್‌ನ ಹಿರಿಯರ ತಂಡದಲ್ಲಿ 1941ರಿಂದ 1957ರವರೆಗೆ ಆಡಿ, 1951 ಮತ್ತು 1953ರಲ್ಲಿ ಜರ್ಮನ್ ಚಾಂಪಿಯನ್‌ಷಿಪ್ ಗೆದ್ದ ತಂಡದ ಭಾಗವಾಗಿದ್ದರು. ರಾಷ್ಟ್ರೀಯ ತಂಡದ ಪರವಾಗಿ 1951ರಿಂದ 1955ರ ನಡುವೆ 22 ಪಂದ್ಯಗಳನ್ನಾಡಿದರು. ಅವುಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ಅವರ ಹೆಸರು ಉಳಿದಿರುವುದು ಹೊಡೆದ ಗೋಲುಗಳಿಂದಲ್ಲ, ಗೋಲು ಗೆರೆಯ ಮೇಲೆ ನಿಂತು ತಡೆದ ಚೆಂಡುಗಳಿಂದ. ವಿಶ್ವಕಪ್ ಗೆದ್ದ ಇಪ್ಪತ್ತು ವರ್ಷಗಳಲ್ಲಿ ಮದ್ಯದ ಚಟದಿಂದ ಕುಟುಂಬ, ಉದ್ಯೋಗ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು, 49ನೆಯ ವಯಸ್ಸಿನಲ್ಲಿ ನಿಧನರಾದರು. 1954ರ ಫೈನಲ್ ಆಡಿದ ಹನ್ನೊಂದು ಮಂದಿಯಲ್ಲಿ ಮೊದಲು ತೀರಿಕೊಂಡವರು ಇವರೇ.

ಹಿನ್ನೆಲೆ

ಕೋಲ್‌ಮಾಯರ್ ಜನಿಸಿದ ಕೈಸರ್ಸ್‌ಲೌಟರ್ನ್ ಜರ್ಮನಿಯ ನೈಋತ್ಯ ಭಾಗದ ಪ್ಯಾಲಟಿನೇಟ್ ಪ್ರದೇಶದ ಒಂದು ಕೈಗಾರಿಕಾ ಪಟ್ಟಣ. ಊರಿನ ಬೆಟ್ಜೆನ್‌ಬರ್ಗ್ ಗುಡ್ಡದ ಮೇಲೆ ಕ್ಲಬ್‌ನ ಕ್ರೀಡಾಂಗಣವಿದೆ. ಎಳವೆಯಲ್ಲಿ ಅವರು ಫುಟ್‌ಬಾಲ್ ಜೊತೆಗೆ ಅಥ್ಲೆಟಿಕ್ಸ್‌ನಲ್ಲಿಯೂ ಚುರುಕಾಗಿದ್ದರು. ವೇಗದ ಓಟ ಮತ್ತು ಗಟ್ಟಿಮುಟ್ಟಾದ ಮೈಕಟ್ಟು ಮುಂದೆ ರಕ್ಷಣಾ ಆಟದಲ್ಲಿ ಅವರಿಗೆ ಬಂಡವಾಳವಾದವು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1941ರಲ್ಲಿ, ಹದಿನೇಳರ ಹರೆಯದಲ್ಲಿ, ಅವರು ಕ್ಲಬ್‌ನ ಹಿರಿಯರ ತಂಡವನ್ನು ಸೇರಿದರು. ಅದೇ ಕ್ಲಬ್‌ನ ಫ್ರಿಟ್ಜ್ ವಾಲ್ಟರ್ ಆಗಲೇ ರಾಷ್ಟ್ರೀಯ ತಂಡದಲ್ಲಿ ಹೆಸರು ಮಾಡಿದ್ದರು.

ಕೈಸರ್ಸ್‌ಲೌಟರ್ನ್ ಕ್ಲಬ್

1945ರಲ್ಲಿ ಯುದ್ಧ ಮುಗಿದಾಗ ಕೈಸರ್ಸ್‌ಲೌಟರ್ನ್ ಫ್ರೆಂಚ್ ಸೇನೆಯ ಆಡಳಿತದ ವಲಯಕ್ಕೆ ಸೇರಿತು. ಊರು ಬಾಂಬ್ ದಾಳಿಗೆ ನಲುಗಿತ್ತು, ಆಹಾರಕ್ಕೂ ಕೊರತೆಯಿತ್ತು. ಸೋವಿಯತ್ ಸೇನೆಯ ಸೆರೆಯಿಂದ ಅದೇ ವರ್ಷ ಮರಳಿದ ಫ್ರಿಟ್ಜ್ ವಾಲ್ಟರ್ ಸುತ್ತ ಹೊಸ ತಂಡವೊಂದು ಕಟ್ಟಿಕೊಂಡಿತು. ಅವರ ತಮ್ಮ ಓಟ್ಮಾರ್ ವಾಲ್ಟರ್ ಮುನ್ಪಡೆಯಲ್ಲಿ, ವರ್ನರ್ ಲೀಬ್ರಿಶ್ ರಕ್ಷಣೆಯ ನಡುವೆ, ಕೋಲ್‌ಮಾಯರ್ ಅದರ ಎಡಬದಿಯಲ್ಲಿ ನಿಂತರು. ಕೆಲ ವರ್ಷಗಳ ಬಳಿಕ ಕಿರಿಯ ಹೋರ್ಸ್ಟ್ ಎಕೆಲ್ ಸೇರಿಕೊಂಡರು. ದೊಡ್ಡ ನಗರವಲ್ಲದ ಊರೊಂದರ ಈ ಐವರೂ ಮುಂದೆ ಒಂದೇ ವಿಶ್ವಕಪ್ ಫೈನಲ್ ಆಡಿದರು.

ಆಗ ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಲೀಗ್ ಇರಲಿಲ್ಲ. ಪ್ರಾದೇಶಿಕ ಲೀಗ್‌ಗಳಲ್ಲಿ ಮುಂದೆ ಬಂದ ತಂಡಗಳು ವರ್ಷದ ಕೊನೆಯಲ್ಲಿ ಸೆಣಸಿ ರಾಷ್ಟ್ರದ ಚಾಂಪಿಯನ್ ಆಗುತ್ತಿದ್ದವು. ನೈಋತ್ಯದ ಲೀಗ್‌ನಲ್ಲಿ ಕೈಸರ್ಸ್‌ಲೌಟರ್ನ್‌ಗೆ ಸಾಟಿಯಾದ ತಂಡಗಳು ವಿರಳವಾಗಿದ್ದವು. 1948ರ ರಾಷ್ಟ್ರೀಯ ಫೈನಲ್‌ನಲ್ಲಿ ತಂಡ ನ್ಯೂರೆಂಬರ್ಗ್ ಎದುರು 1–2ರಿಂದ ಸೋತಿತು. 1951ರಲ್ಲಿ ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪ್ರಾಯ್ಸೆನ್ ಮ್ಯೂನ್‌ಸ್ಟರ್ ತಂಡವನ್ನು 2–1ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು; ಎರಡೂ ಗೋಲು ಓಟ್ಮಾರ್ ವಾಲ್ಟರ್ ಅವರದು. 1953ರಲ್ಲಿ ಅದೇ ಕ್ರೀಡಾಂಗಣದಲ್ಲಿ ಸ್ಟುಟ್‌ಗಾರ್ಟ್ ತಂಡವನ್ನು 4–1ರಿಂದ ಮಣಿಸಿತು. 1954 ಮತ್ತು 1955ರಲ್ಲಿ ಮತ್ತೆ ಫೈನಲ್ ತಲುಪಿದರೂ ಎರಡನ್ನೂ ಕಳೆದುಕೊಂಡಿತು.

ಈ ಆಟಗಾರರು ಇಂದಿನ ಅರ್ಥದಲ್ಲಿ ವೃತ್ತಿಪರರಲ್ಲ. ಜರ್ಮನ್ ಫುಟ್‌ಬಾಲ್ ಸಂಸ್ಥೆ ವೃತ್ತಿಪರ ಆಟವನ್ನು ಒಪ್ಪದೆ, ಒಪ್ಪಂದದ ಆಟಗಾರ ಎಂಬ ಮಧ್ಯದ ದರ್ಜೆಯೊಂದನ್ನು ಮಾಡಿತ್ತು. ಅದರಂತೆ ಕ್ಲಬ್‌ನಿಂದ ತಿಂಗಳಿಗೆ ಹೆಚ್ಚೆಂದರೆ 320 ಮಾರ್ಕ್ ಪಡೆಯಬಹುದಿತ್ತು. ಜೊತೆಗೆ ಬೇರೊಂದು ಉದ್ಯೋಗವಿರಬೇಕಿತ್ತು. ಕೋಲ್‌ಮಾಯರ್ ತಮ್ಮ ಊರಿನ ನೂಲಿನ ಗಿರಣಿಯೊಂದರಲ್ಲಿ ಕಾರ್ಮಿಕರ ಸಂಬಳದ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಅವರ ನಂತರದ ಬದುಕನ್ನು ಅರ್ಥಮಾಡಿಕೊಳ್ಳಲು ಈ ಸಂಗತಿ ಮುಖ್ಯ. ಆಡುವಷ್ಟು ಕಾಲವೂ ಆಟ ಅವರಿಗೆ ಕೂಡಿಡುವಷ್ಟು ಹಣ ಕೊಡಲಿಲ್ಲ.

ಆಟದ ಶೈಲಿ

ಆ ಕಾಲದಲ್ಲಿ ಬಹುತೇಕ ತಂಡಗಳು ಡಬ್ಲ್ಯೂಎಂ ಎಂಬ ವ್ಯೂಹದಲ್ಲಿ ಆಡುತ್ತಿದ್ದವು. ಅದರಲ್ಲಿ ಹಿಂಬದಿಯಲ್ಲಿ ಮೂವರು: ನಡುವೆ ಸ್ಟಾಪರ್, ಅವನ ಎಡಬಲಗಳಲ್ಲಿ ಒಬ್ಬೊಬ್ಬ ಫುಲ್‌ಬ್ಯಾಕ್. ಎದುರಾಳಿಯ ವಿಂಗರ್‌ನನ್ನು ನೆರಳಿನಂತೆ ಹಿಂಬಾಲಿಸುವುದು ಫುಲ್‌ಬ್ಯಾಕ್‌ನ ಕೆಲಸ. ಇಂದಿನ ಫುಲ್‌ಬ್ಯಾಕ್‌ಗಳಂತೆ ಮುನ್ನುಗ್ಗಿ ಆಕ್ರಮಣಕ್ಕೆ ನೆರವಾಗುವುದು ಅಪರೂಪ. ಮೈದಾನದ ನಡುಗೆರೆ ದಾಟುವುದೇ ಕಡಿಮೆ. ಕೋಲ್‌ಮಾಯರ್ ಈ ಹಳೆಯ ಮಾದರಿಗೆ ಸರಿಹೊಂದುವ ಆಟಗಾರರಾಗಿದ್ದರು. ಚೆಂಡಿನೊಂದಿಗೆ ಅವರದು ನಾಜೂಕಿನ ಆಟವಲ್ಲ, ಅಡ್ಡಬಿದ್ದು ಚೆಂಡು ಕಸಿಯುವ ಗಟ್ಟಿ ಆಟ. ಗೋಲ್‌ಕೀಪರ್ ಜಾಗ ಬಿಟ್ಟು ಮುಂದೆ ಬಂದ ಕ್ಷಣದಲ್ಲಿ ಅವರ ಬೆನ್ನ ಹಿಂದೆ ಓಡಿ ಗೋಲು ಗೆರೆಯ ಮೇಲೆ ನಿಲ್ಲುವ ಅಭ್ಯಾಸ ಅವರಿಗಿತ್ತು. ಎದುರಾಳಿಯ ಹೊಡೆತ ಎಲ್ಲಿಗೆ ಬೀಳುತ್ತದೆಂಬ ಊಹೆ ಸರಿಯಿಲ್ಲದವನಿಗೆ ಇದು ಸಾಧ್ಯವಾಗುವುದಿಲ್ಲ.

ರಾಷ್ಟ್ರೀಯ ತಂಡದಲ್ಲಿ

ಯುದ್ಧದ ಕಾರಣ ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ಹೊರಗುಳಿದಿದ್ದ ಜರ್ಮನಿಗೆ 1950ರ ವಿಶ್ವಕಪ್‌ನಲ್ಲಿ ಅವಕಾಶ ಸಿಕ್ಕಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಪಶ್ಚಿಮ ಜರ್ಮನಿ ಸ್ವಿಟ್ಜರ್ಲೆಂಡ್ ವಿರುದ್ಧ ಆಡಿ ಮರಳಿ ಕಣಕ್ಕಿಳಿಯಿತು. ತರಬೇತುದಾರ ಝೆಪ್ ಹೆರ್ಬರ್ಗರ್ ಕೈಸರ್ಸ್‌ಲೌಟರ್ನ್ ಆಟಗಾರರನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಹೊಸ ತಂಡ ರೂಪಿಸುತ್ತಿದ್ದರು. 1951ರಲ್ಲಿ ಕೋಲ್‌ಮಾಯರ್ ಅವರಿಗೂ ಕರೆ ಬಂದಿತು.

1954ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಪಶ್ಚಿಮ ಜರ್ಮನಿಯ ಗುಂಪಿನಲ್ಲಿ ನಾರ್ವೆ ಮತ್ತು ಸಾರ್‌ಲ್ಯಾಂಡ್ ಇದ್ದವು. ಕೈಸರ್ಸ್‌ಲೌಟರ್ನ್‌ನ ನೆರೆಯ ಸಾರ್‌ಲ್ಯಾಂಡ್ ಆಗ ಜರ್ಮನಿಯಿಂದ ಬೇರ್ಪಟ್ಟು ಸ್ವಂತ ತಂಡ ಕಟ್ಟಿಕೊಂಡಿತ್ತು. ನೈಋತ್ಯ ಲೀಗ್‌ನಲ್ಲಿ ವರ್ಷವೂ ಎದುರುಬದುರಾಗುತ್ತಿದ್ದ ಆಟಗಾರರು ಇಲ್ಲಿ ಎರಡು ದೇಶಗಳ ಪರವಾಗಿ ಆಡಬೇಕಾಯಿತು. ಎರಡೂ ಪಂದ್ಯಗಳಲ್ಲಿ ಸಾರ್‌ಲ್ಯಾಂಡ್ ತಂಡವನ್ನು ಸೋಲಿಸಿ ಪಶ್ಚಿಮ ಜರ್ಮನಿ ಅರ್ಹತೆ ಪಡೆಯಿತು.

1954ರ ವಿಶ್ವಕಪ್

ವಿಶ್ವಕಪ್‌ಗೆ ಮೂರೂವರೆ ವಾರವಿರುವಾಗ, ಮೇ 23ರಂದು, ಹ್ಯಾಂಬರ್ಗ್‌ನಲ್ಲಿ ನಡೆದ ಜರ್ಮನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕೈಸರ್ಸ್‌ಲೌಟರ್ನ್ ತಂಡ ಹ್ಯಾನೋವರ್ 96 ಎದುರು 1–5ರಿಂದ ಸೋತಿತು. ಗೆದ್ದ ಹ್ಯಾನೋವರ್‌ನಿಂದ ಒಬ್ಬನನ್ನೂ ಆರಿಸದೆ, ಸೋತ ತಂಡದಿಂದ ಐವರನ್ನು ಹೆರ್ಬರ್ಗರ್ ವಿಶ್ವಕಪ್‌ಗೆ ಕರೆದೊಯ್ದರು. ಇದಕ್ಕೆ ಜರ್ಮನಿಯಲ್ಲಿ ಕಟುವಾದ ಟೀಕೆ ಬಂದಿತು. ಐದು ಗೋಲು ಬಿಟ್ಟುಕೊಟ್ಟ ರಕ್ಷಣಾ ಸಾಲಿನ ಲೀಬ್ರಿಶ್ ಮತ್ತು ಕೋಲ್‌ಮಾಯರ್ ಮೇಲೆ ಅನುಮಾನ ಸಹಜವಾಗಿತ್ತು.

ತಂಡ ಥೂನ್ ಸರೋವರದ ದಡದ ಸ್ಪೀಟ್ಸ್ ಎಂಬ ಊರಿನಲ್ಲಿ ತಂಗಿತ್ತು. ಕೋಲ್‌ಮಾಯರ್ ಅಂಗಿಯ ಮೇಲಿನ ಸಂಖ್ಯೆ 3. ಜೂನ್ 17ರಂದು ಬರ್ನ್‌ನಲ್ಲಿ ಟರ್ಕಿಯನ್ನು 4–1ರಿಂದ ಸೋಲಿಸಿದ ಪಂದ್ಯದಲ್ಲಿ ಅವರು ಆಡಿದರು. ಜೂನ್ 20ರಂದು ಬಾಸೆಲ್‌ನಲ್ಲಿ ಹಂಗೆರಿ ಎದುರಾಯಿತು. 1950ರ ಬಳಿಕ ಹಂಗೆರಿ ಒಂದೂ ಪಂದ್ಯ ಸೋತಿರಲಿಲ್ಲ. ಹಿಂದಿನ ವರ್ಷವಷ್ಟೇ ಇಂಗ್ಲೆಂಡನ್ನು ವೆಂಬ್ಲಿಯಲ್ಲಿ 6–3ರಿಂದ ಮಣಿಸಿತ್ತು. ಗುಂಪಿನಲ್ಲಿ ಟರ್ಕಿಯ ಜೊತೆ ಮತ್ತೊಮ್ಮೆ ಆಡುವ ಅವಕಾಶ ಹೇಗೂ ಇದೆಯೆಂದು ಲೆಕ್ಕ ಹಾಕಿದ ಹೆರ್ಬರ್ಗರ್, ಪ್ರಮುಖರಲ್ಲಿ ಹಲವರಿಗೆ ವಿಶ್ರಾಂತಿ ಕೊಟ್ಟರು. ಕೋಲ್‌ಮಾಯರ್‌ಗೆ ಆ ವಿಶ್ರಾಂತಿ ಸಿಗಲಿಲ್ಲ. ಪಶ್ಚಿಮ ಜರ್ಮನಿ 3–8ರಿಂದ ಸೋತಿತು. ಇದೇ ಪಂದ್ಯದಲ್ಲಿ ಲೀಬ್ರಿಶ್ ಅವರ ಒದೆತಕ್ಕೆ ಹಂಗೆರಿಯ ನಾಯಕ ಫೆರೆಂಕ್ ಪುಷ್ಕಾಶ್ ಗಾಯಗೊಂಡು ಫೈನಲ್‌ವರೆಗೆ ಆಡಲಾಗಲಿಲ್ಲ.

ಜೂನ್ 23ರಂದು ಜ್ಯೂರಿಕ್‌ನಲ್ಲಿ ಟರ್ಕಿ ವಿರುದ್ಧದ ಮರುಪಂದ್ಯವನ್ನು ಜರ್ಮನಿ 7–2ರಿಂದ ಗೆದ್ದಿತು. ಟೂರ್ನಿಯಲ್ಲಿ ಕೋಲ್‌ಮಾಯರ್ ಆಡದ ಪಂದ್ಯ ಇದೊಂದೇ. ಅವರ ಜಾಗದಲ್ಲಿ ಹಾನ್ಸ್ ಬಾವರ್ ಇಳಿದರು.

ಜೂನ್ 27ರಂದು ಜಿನೀವಾದಲ್ಲಿ ಯುಗೊಸ್ಲಾವಿಯ ವಿರುದ್ಧ ನಡೆದ ಕ್ವಾರ್ಟರ್ ಫೈನಲ್ ಕೋಲ್‌ಮಾಯರ್ ಅವರ ಆಟದ ಬದುಕಿನ ಅತ್ಯುತ್ತಮ ದಿನವೆಂದು ಪರಿಗಣಿತವಾಗಿದೆ. ಹತ್ತು ನಿಮಿಷದೊಳಗೆ ಯುಗೊಸ್ಲಾವಿಯದ ರಕ್ಷಕ ಇವಿಕಾ ಹೋರ್ವಟ್ ತಮ್ಮದೇ ಗೋಲಿಗೆ ಚೆಂಡು ಸೇರಿಸಿದ್ದರಿಂದ ಜರ್ಮನಿಗೆ ಮುನ್ನಡೆ ಸಿಕ್ಕಿತು. ಆ ಬಳಿಕ ಯುಗೊಸ್ಲಾವಿಯ ಒಂದೇ ಸಮನೆ ದಾಳಿ ನಡೆಸಿತು. ಚೆಂಡಿನ ಮೇಲಿನ ಹಿಡಿತ, ಅವಕಾಶಗಳು, ಹೊಡೆತಗಳು, ಎಲ್ಲದರಲ್ಲೂ ಅವರದೇ ಮೇಲುಗೈ. ಗೋಲ್‌ಕೀಪರ್ ಟೋನಿ ಟುರೆಕ್ ಅವರನ್ನೂ ದಾಟಿದ ಚೆಂಡನ್ನು ಕೋಲ್‌ಮಾಯರ್ ಒಂದಲ್ಲ, ಮೂರು ಸಲ ಗೋಲು ಗೆರೆಯ ಮೇಲಿಂದ ಹೊರಗೆ ಹಾಕಿದರು. ಪಂದ್ಯ ಮುಗಿಯಲು ಐದು ನಿಮಿಷದಷ್ಟಿರುವಾಗ ಹೆಲ್ಮುಟ್ ರಾನ್ ಎರಡನೆಯ ಗೋಲು ಹೊಡೆದರು. ಫಲಿತಾಂಶ 2–0 ಎಂದು ದಾಖಲಾಗಿದೆ. ಆಟದ ನಡೆಯನ್ನು ಆ ಅಂಕಿ ಹೇಳುವುದಿಲ್ಲ.

ಸೆಮಿಫೈನಲ್‌ನಲ್ಲಿ ಆಸ್ಟ್ರಿಯವನ್ನು 6–1ರಿಂದ ಸೋಲಿಸುವಾಗ ರಕ್ಷಣಾ ಸಾಲಿಗೆ ಅಷ್ಟು ಕಷ್ಟವಾಗಲಿಲ್ಲ. ಈ ಪಂದ್ಯದಿಂದ ಬಲ ಫುಲ್‌ಬ್ಯಾಕ್ ಸ್ಥಾನಕ್ಕೆ ಯೂಪ್ ಪೊಸಿಪಾಲ್ ಬಂದರು. ಪೊಸಿಪಾಲ್, ಲೀಬ್ರಿಶ್, ಕೋಲ್‌ಮಾಯರ್ ಎಂಬ ಸಾಲು ಫೈನಲ್‌ಗೂ ಉಳಿಯಿತು.

ಫೈನಲ್

1954ರ ಜುಲೈ 4ರಂದು ಬರ್ನ್‌ನ ವಾಂಕ್‌ಡಾರ್ಫ್ ಕ್ರೀಡಾಂಗಣದಲ್ಲಿ, ಸುರಿಯುವ ಮಳೆಯಲ್ಲಿ, ಅದೇ ಹಂಗೆರಿ ಮತ್ತೆ ಎದುರಾಯಿತು. ಹಂಗೆರಿಯ ಗುಸ್ತಾವ್ ಸೆಬೆಷ್ ತಮ್ಮ ಎಡ ವಿಂಗರ್ ಜೋಲ್ಟನ್ ಚಿಬೋರ್ ಅವರನ್ನು ಬಲಬದಿಗೆ ಕಳಿಸಿದ್ದರು. ಹೀಗಾಗಿ ಆ ತಂಡದ ಅತ್ಯಂತ ವೇಗದ ಆಟಗಾರರಲ್ಲೊಬ್ಬರು ಕೋಲ್‌ಮಾಯರ್ ಅವರ ಪಾಲಿಗೆ ಬಂದರು.

ಆರನೆಯ ನಿಮಿಷದಲ್ಲಿ ಪುಷ್ಕಾಶ್ ಮೊದಲ ಗೋಲು ಹೊಡೆದರು. ಎಂಟನೆಯ ನಿಮಿಷದಲ್ಲಿ ಕೋಲ್‌ಮಾಯರ್ ಚೆಂಡನ್ನು ತಮ್ಮ ಗೋಲ್‌ಕೀಪರ್‌ಗೆ ಹಿಂದಿರುಗಿಸಲು ಹೋದರು. ಹಿಂದಕ್ಕೆ ಒದ್ದುಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯಬಾರದೆಂಬ ನಿಯಮ ಬಂದದ್ದು 1992ರಲ್ಲಿ. ಆಗ ಇದು ಎಲ್ಲ ರಕ್ಷಕರೂ ನೆಚ್ಚಿಕೊಂಡಿದ್ದ ಸುರಕ್ಷಿತ ದಾರಿ. ಆದರೆ ಒದ್ದೆ ಹುಲ್ಲಿನ ಮೇಲೆ ಅವರಿಗೂ ಟುರೆಕ್‌ಗೂ ಹೊಂದಾಣಿಕೆ ತಪ್ಪಿತು, ಚೆಂಡು ಟುರೆಕ್ ಕೈಯಿಂದ ಜಾರಿತು. ಹತ್ತಿರದಲ್ಲೇ ಇದ್ದ ಚಿಬೋರ್ ಅದನ್ನು ಬರಿದಾದ ಗೋಲಿನೊಳಗೆ ತಳ್ಳಿದರು. ಎರಡು ವಾರಗಳ ಹಿಂದಿನ ಎಂಟು ಗೋಲುಗಳ ನೆನಪು ಮಾಸಿರಲಿಲ್ಲ. ಎಂಟೇ ನಿಮಿಷದಲ್ಲಿ ಜರ್ಮನಿ 0–2ರಿಂದ ಹಿಂದೆ ಬಿದ್ದಿತ್ತು.

ಹತ್ತನೆಯ ನಿಮಿಷದಲ್ಲಿ ಮ್ಯಾಕ್ಸ್ ಮೊರ್ಲಾಕ್, ಹದಿನೆಂಟನೆಯ ನಿಮಿಷದಲ್ಲಿ ರಾನ್ ಗೋಲು ಹೊಡೆದು ಸಮ ಮಾಡಿದರು. ಅಲ್ಲಿಂದ ಮುಂದೆ ಒಂದು ಗಂಟೆಗೂ ಹೆಚ್ಚು ಕಾಲ ಹಂಗೆರಿಯ ದಾಳಿಗಳನ್ನು ತಡೆಯುವುದೇ ಜರ್ಮನಿಯ ಆಟವಾಯಿತು. ಹಂಗೆರಿಯ ಹೊಡೆತಗಳು ಗೋಲಿನ ಕಂಬಕ್ಕೂ ಅಡ್ಡಪಟ್ಟಿಗೂ ಬಡಿದವು, ಟುರೆಕ್ ಹಲವನ್ನು ಹಿಡಿದರು. ಎರಡನೆಯ ಅವಧಿಯಲ್ಲಿ ಟುರೆಕ್ ಅವರನ್ನು ದಾಟಿದ ಒಂದು ಚೆಂಡನ್ನು ಕೋಲ್‌ಮಾಯರ್ ಜಿನೀವಾದಲ್ಲಿ ಮಾಡಿದಂತೆಯೇ ಗೋಲು ಗೆರೆಯ ಮೇಲಿಂದ ಹೊರಗಟ್ಟಿದರು. ಎಂಟನೆಯ ನಿಮಿಷದ ತಪ್ಪಿನಲ್ಲಿ ಪಾಲಿದ್ದ ಆಟಗಾರ ಅದರ ಭಾರಕ್ಕೆ ಕುಸಿಯದೆ ಎಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಆಡಿದರೆಂಬುದು ಈ ಫೈನಲ್‌ನ ಕಥೆಯಲ್ಲಿ ಅಷ್ಟಾಗಿ ಹೇಳದ ಭಾಗ. 84ನೆಯ ನಿಮಿಷದಲ್ಲಿ ರಾನ್ ಮೂರನೆಯ ಗೋಲು ಹೊಡೆದರು. ಕೊನೆಯ ನಿಮಿಷಗಳಲ್ಲಿ ಪುಷ್ಕಾಶ್ ಹೊಡೆದ ಗೋಲು ಆಫ್‌ಸೈಡ್ ಎಂದು ರದ್ದಾಯಿತು. ಪಶ್ಚಿಮ ಜರ್ಮನಿ 3–2ರಿಂದ ಗೆದ್ದಿತು. ಜರ್ಮನರು ಈ ಗೆಲುವನ್ನು ಬರ್ನ್‌ನ ಪವಾಡ ಎಂದು ಕರೆಯುತ್ತಾರೆ.

ವಿಶೇಷ ರೈಲಿನಲ್ಲಿ ತಾಯ್ನಾಡಿಗೆ ಮರಳಿದ ತಂಡವನ್ನು ನೋಡಲು ಗಡಿಯಿಂದ ಮ್ಯೂನಿಕ್‌ವರೆಗೂ ನಿಲ್ದಾಣಗಳಲ್ಲಿ ಜನ ಕಿಕ್ಕಿರಿದಿದ್ದರು. ಜುಲೈ 18ರಂದು ಬರ್ಲಿನ್‌ನಲ್ಲಿ ರಾಷ್ಟ್ರಾಧ್ಯಕ್ಷ ಥಿಯೋಡರ್ ಹಾಯ್ಸ್ ಅವರು ಆಟಗಾರರಿಗೆ ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಬೆಳ್ಳಿಯ ಲಾರೆಲ್ ಎಲೆಯನ್ನು ನೀಡಿದರು. ಹಣದ ರೂಪದ ಬಹುಮಾನ ತಲೆಗೆ ಸುಮಾರು 2,500 ಮಾರ್ಕ್.

ಆಟದ ಕೊನೆಯ ವರ್ಷಗಳು

ವಿಶ್ವಕಪ್ ನಂತರ ತಂಡ ಬೇಗ ಚದುರಿತು. ಕೆಲವರು ಕಾಮಾಲೆಯಿಂದ ಮಲಗಿದರು, ಕೆಲವರಿಗೆ ವಯಸ್ಸಾಗಿತ್ತು. ಡಿಸೆಂಬರ್ 1ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಹನ್ನೊಂದರಲ್ಲಿ ಬರ್ನ್ ಫೈನಲ್‌ನ ಆಟಗಾರರು ಮೂವರೇ: ಪೊಸಿಪಾಲ್, ಲೀಬ್ರಿಶ್ ಮತ್ತು ಕೋಲ್‌ಮಾಯರ್. ಅಂದು ಇಂಗ್ಲೆಂಡಿನ ಬಲ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್. ಮೂವತ್ತೊಂಬತ್ತರ ವಯಸ್ಸಿನಲ್ಲೂ ಅವರ ಚಳಕ ಕಡಿಮೆಯಾಗಿರಲಿಲ್ಲ. ಜರ್ಮನಿ 1–3ರಿಂದ ಸೋತಿತು. 1955ರಲ್ಲಿ ಕೋಲ್‌ಮಾಯರ್ ಅವರ ಅಂತರರಾಷ್ಟ್ರೀಯ ಆಟ ಕೊನೆಗೊಂಡಿತು. 1958ರ ವಿಶ್ವಕಪ್‌ನಲ್ಲಿ ಆ ಸ್ಥಾನದಲ್ಲಿ ಎರಿಕ್ ಯುಸ್ಕೋವಿಯಾಕ್ ಆಡಿದರು. 1957ರಲ್ಲಿ ಅವರು ಕೈಸರ್ಸ್‌ಲೌಟರ್ನ್ ತಂಡವನ್ನೂ ಬಿಟ್ಟರು.

ನಿವೃತ್ತಿಯ ನಂತರ

1954ರ ಆಟಗಾರರಲ್ಲಿ ಹಲವರು ತಮ್ಮ ಹೆಸರನ್ನು ನೆಚ್ಚಿ ಬದುಕು ಕಟ್ಟಿಕೊಂಡರು. ಫ್ರಿಟ್ಜ್ ವಾಲ್ಟರ್ ಕೈಸರ್ಸ್‌ಲೌಟರ್ನ್‌ನಲ್ಲಿ ಲಾಂಡ್ರಿಯನ್ನೂ ಚಿತ್ರಮಂದಿರವನ್ನೂ ನಡೆಸಿದರು, ಎಕೆಲ್ ಓದು ಮುಂದುವರಿಸಿ ಶಾಲಾ ಶಿಕ್ಷಕರಾದರು. ಎಲ್ಲರಿಗೂ ಹಾಗೆ ಆಗಲಿಲ್ಲ. ವಿಜಯದ ನಂತರದ ಸತ್ಕಾರಕೂಟಗಳಲ್ಲಿ, ಹೋಟೆಲುಗಳಲ್ಲಿ, ವಿಶ್ವವಿಜೇತನಿಗೆ ಕುಡಿಸುವುದು ಗೌರವವೆಂದು ತಿಳಿದವರಿಗೆ ಕೊರತೆಯಿರಲಿಲ್ಲ. ಕೋಲ್‌ಮಾಯರ್ ಅವರಲ್ಲಿ ಕುಡಿತ ಚಟವಾಗಿ ಬೇರೂರಿತು. ದಾಂಪತ್ಯ ಮುರಿಯಿತು, ಮಕ್ಕಳು ದೂರವಾದರು. ಲೆಕ್ಕ ಬರೆಯುವ ಕೆಲಸ ಕೈತಪ್ಪಿದ ಮೇಲೆ ಕಟ್ಟಡ ಕಾಮಗಾರಿಗಳಲ್ಲಿ ಕೂಲಿಯಾಳಾಗಿ ದುಡಿದರು.

ಒಂದು ಕಾಲಕ್ಕೆ ಪತ್ರಿಕೆಗಳ ಮುಖಪುಟದಲ್ಲಿದ್ದವರು ಕೊನೆಗೆ ಮೈನ್ಜ್ ನಗರದ ಪತ್ರಿಕಾ ಸಂಸ್ಥೆಯೊಂದರಲ್ಲಿ ದ್ವಾರಪಾಲಕರ ಕೆಲಸಕ್ಕೆ ಸೇರಿದರು. ಅವರ ಪತನಕ್ಕೆ ಕುಡಿತವೇ ನೇರ ಕಾರಣವಾದರೂ, ಆಟ ನಿಂತ ಮೇಲೆ ಆಟಗಾರನ ಜೀವನಕ್ಕೆ ಯಾವ ಆಸರೆಯನ್ನೂ ಒದಗಿಸದ ಅಂದಿನ ವ್ಯವಸ್ಥೆಯನ್ನು ಬಿಟ್ಟು ಅದನ್ನು ನೋಡಲಾಗದು. ಇಡೀ ದೇಶಕ್ಕೆ ಒಂದೇ ಲೀಗ್ ಆದ ಬುಂಡೆಸ್‌ಲೀಗಾ ಆರಂಭವಾದದ್ದು 1963ರಲ್ಲಿ. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

1974ರ ಮಾರ್ಚ್ 26ರಂದು ಮೈನ್ಜ್‌ನಲ್ಲಿ ಕೋಲ್‌ಮಾಯರ್ ಹೃದಯ ವೈಫಲ್ಯದಿಂದ ನಿಧನರಾದರು. ಐವತ್ತು ತುಂಬಲು ಇನ್ನು ಮೂರು ವಾರವಿತ್ತು. ಆ ಬೇಸಿಗೆಯಲ್ಲಿ ಪಶ್ಚಿಮ ಜರ್ಮನಿಯಲ್ಲೇ ವಿಶ್ವಕಪ್ ನಡೆಯಿತು. ಟೂರ್ನಿಗೆ ಮುನ್ನ ಬಹುಮಾನದ ಹಣದ ಕುರಿತು ಆಟಗಾರರಿಗೂ ಫುಟ್‌ಬಾಲ್ ಸಂಸ್ಥೆಗೂ ಜಗಳವಾಗಿ, ಗೆದ್ದರೆ ತಲೆಗೆ 70,000 ಮಾರ್ಕ್ ಎಂದು ಒಪ್ಪಂದವಾಯಿತು. ಜುಲೈ 7ರಂದು ಮ್ಯೂನಿಕ್‌ನಲ್ಲಿ ನೆದರ್‌ಲ್ಯಾಂಡ್ಸ್ ತಂಡವನ್ನು 2–1ರಿಂದ ಸೋಲಿಸಿ ಜರ್ಮನಿ ಎರಡನೆಯ ಬಾರಿ ವಿಶ್ವಕಪ್ ಗೆದ್ದಿತು. ಆ ತಂಡದ ತರಬೇತುದಾರ ಹೆಲ್ಮುಟ್ ಶೋನ್, 1954ರ ಅರ್ಹತಾ ಸುತ್ತಿನಲ್ಲಿ ಸಾರ್‌ಲ್ಯಾಂಡ್ ತಂಡವನ್ನು ತರಬೇತುಗೊಳಿಸಿದ್ದವರು.

ಸ್ಮರಣೆ

ಕೋಲ್‌ಮಾಯರ್ ನಂತರ ಆ ಹನ್ನೊಂದು ಮಂದಿಯಲ್ಲಿ ತೀರಿಕೊಂಡವರು ಗೋಲ್‌ಕೀಪರ್ ಟುರೆಕ್, 1984ರಲ್ಲಿ. ಕೊನೆಯವರಾಗಿ ಉಳಿದಿದ್ದ ಎಕೆಲ್ 2021ರ ಡಿಸೆಂಬರ್‌ನಲ್ಲಿ ನಿಧನರಾದರು. ಬೆಟ್ಜೆನ್‌ಬರ್ಗ್ ಕ್ರೀಡಾಂಗಣಕ್ಕೆ 1985ರಲ್ಲಿ ಫ್ರಿಟ್ಜ್ ವಾಲ್ಟರ್ ಅವರ ಹೆಸರಿಡಲಾಯಿತು. ಅದರ ಮುಂದೆ 1954ರ ಫೈನಲ್ ಆಡಿದ ಊರಿನ ಐವರು ಆಟಗಾರರ ಪ್ರತಿಮೆಗಳಿವೆ: ವಾಲ್ಟರ್ ಸಹೋದರರು, ಎಕೆಲ್, ಲೀಬ್ರಿಶ್ ಮತ್ತು ಕೋಲ್‌ಮಾಯರ್. 2003ರಲ್ಲಿ ಝೋನ್ಕೆ ವೋರ್ಟ್‌ಮನ್ ನಿರ್ದೇಶಿಸಿದ ಜರ್ಮನ್ ಚಲನಚಿತ್ರವೊಂದು ಬರ್ನ್‌ನ ಗೆಲುವನ್ನು ಕಥಾವಸ್ತುವಾಗಿಸಿಕೊಂಡು ಹೊಸ ತಲೆಮಾರಿಗೆ ಆ ತಂಡವನ್ನು ಪರಿಚಯಿಸಿತು.